ಸ್ಟೇರಿಂಗ್ ಜಾಯಿಂಟ್ ಸವೆದಿದೆ, ಮನೆಯಲ್ಲೇ ಬದಲಾಯಿಸಬಹುದಾ?

ಹೊಸಪಾನಾ:
ಎಲ್ಲರಿಗೂ ನಮಸ್ಕಾರ. ನನ್ನದು 13 ವರ್ಷದ ಹಳೆಯ ಹ್ಯಾಚ್‌ಬ್ಯಾಕ್, ಫ್ರಂಟ್ ವೀಲ್ ಡ್ರೈವ್. 1,38,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ ಹಳ್ಳ ದಿಣ್ಣೆ ದಾಟುವಾಗ ಎಡಗಡೆಯಿಂದ ಟಕ್ ಟಕ್ ಅಂತ ಸದ್ದು ಬರುತ್ತಿದೆ. ನೇರ ರಸ್ತೆಯಲ್ಲಿ 80ರ ಮೇಲೆ ಹೋದರೆ ಸ್ಟೇರಿಂಗ್ ಅನ್ನು ಸುಮ್ನೆ ಹಿಡಿದು ಕೂರುವ ಹಾಗಿಲ್ಲ, ಸಣ್ಣಗೆ ಸರಿಮಾಡುತ್ತಲೇ ಇರಬೇಕು. ಎಡ ಮುಂದಿನ ಟೈರಿನ ಒಳ ಅಂಚು ಹೊರ ಅಂಚಿಗಿಂತ ಜಾಸ್ತಿ ಸವೆದಿದೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಸ್ಟೇರಿಂಗ್ ಅಲ್ಲಾಡಿಸಿ ನೋಡಿ "ಪೂರ್ತಿ ರ‍್ಯಾಕ್ ಹೋಗಿದೆ, ಬದಲಾಯಿಸಬೇಕು" ಅಂದರು. ರ‍್ಯಾಕ್ ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಎಡಕ್ಕೆ ಬಲಕ್ಕೆ ಸರಿದು ಚಕ್ರ ತಿರುಗಿಸುವ ಹಲ್ಲಿನ ದಂಡ. ಗಾಡಿ ಎತ್ತಿ ನೋಡಲೇ ಇಲ್ಲ. ಮನೆಗೆ ಬಂದು ನಾನೇ ಬಗ್ಗಿ ನೋಡಿದರೆ ಎಡಗಡೆ ಟೈ ರಾಡ್ ಎಂಡ್‌ನ ರಬ್ಬರ್ ಬೂಟ್ ಹರಿದಿದೆ, ಗ್ರೀಸೆಲ್ಲ ಹೊರಗೆ ಬಂದು ಮಣ್ಣು ಮೆತ್ತಿಕೊಂಡಿದೆ. ರ‍್ಯಾಕಿನಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ತುದಿಯಲ್ಲಿರುವ ಗುಂಡಿನ ಜಾಯಿಂಟ್ ಅದು.

ಆಯಿಲ್, ಬ್ರೇಕ್ ಪ್ಯಾಡ್ ಎಲ್ಲ ನಾನೇ ಬದಲಾಯಿಸಿಕೊಳ್ಳುತ್ತೇನೆ. ಸ್ಟೇರಿಂಗ್ ಕೆಲಸಕ್ಕೆ ಇದುವರೆಗೆ ಕೈ ಹಾಕಿಲ್ಲ. ಇದು ರ‍್ಯಾಕಾ, ಜಾಯಿಂಟಾ ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ? ಜಾಯಿಂಟೇ ಆದರೆ ಮನೆಯಲ್ಲಿ ಆಗುವ ಕೆಲಸವಾ?

ಗ್ರೀಸ್‌ಕೈ:
ಆಗುವ ಕೆಲಸವೇ. ಆದರೆ ಮೊದಲು ಪರೀಕ್ಷೆ ಮಾಡಿ, ಆಮೇಲೆ ಸಾಮಾನು ತನ್ನಿ. ಬೂಟ್ ಹರಿದಿದೆ ಅಂದರೆ ಆ ಜಾಯಿಂಟ್ ಹೇಗಿದ್ದರೂ ಬದಲಾಗಬೇಕು. ಒಳಗೆ ನೀರು, ಧೂಳು ಸೇರಿದ ಮೇಲೆ ಅದು ಉಜ್ಜುವ ಕಾಗದದ ಹಾಗೆ ಗುಂಡನ್ನು ತಿನ್ನುತ್ತದೆ. ಆದರೂ ಸದ್ದು ಅಲ್ಲಿಂದಲೇ ಬರುತ್ತಿದೆ ಅಂತ ಇನ್ನೂ ಹೇಳಲಾಗದು.

ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಡಿ. ಚಕ್ರವನ್ನು ಗಡಿಯಾರ ಅಂದುಕೊಳ್ಳಿ. 3 ಮತ್ತು 9ರ ಜಾಗದಲ್ಲಿ ಹಿಡಿದು ಒಂದು ಕೈಯಲ್ಲಿ ತಳ್ಳಿ, ಇನ್ನೊಂದರಲ್ಲಿ ಎಳೆಯಿರಿ. ಅಲ್ಲಿ ಟಕ್ ಅಂದರೆ ಟೈ ರಾಡ್ ಕಡೆಯ ಲೂಸು. ಆಮೇಲೆ 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಿ ಪ್ಲೇ (ಸಡಿಲು) ಇದ್ದರೆ ವೀಲ್ ಬೇರಿಂಗ್ ಅಥವಾ ಲೋವರ್ ಬಾಲ್ ಜಾಯಿಂಟ್ (ಚಕ್ರದ ಕಡೆಯನ್ನು ಕೆಳಗಿನ ತೋಳಿಗೆ ಸೇರಿಸುವ ಜಾಯಿಂಟ್). ಯಾವುದು ಅಂತ ಬೇರ್ಪಡಿಸಲು ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಿ.

3–9ರಲ್ಲಿ ಪ್ಲೇ ಸಿಕ್ಕಿತು ಅಂದುಕೊಳ್ಳಿ. ಈಗ ಟೈ ರಾಡಿನ ಚಕ್ರದ ಕಡೆಯ ಹೊರಗಿನ ಜಾಯಿಂಟಾ, ರ‍್ಯಾಕಿನ ಕಡೆಯ ಒಳಗಿನದಾ? ಸಹಾಯಕರು ಚಕ್ರ ಅಲ್ಲಾಡಿಸುತ್ತಿರಲಿ, ನೀವು ಹೊರಗಿನ ಜಾಯಿಂಟ್ ಮೇಲೆ ಬೆರಳಿಡಿ, ಅರ್ಧ ಬೆರಳು ನಕಲ್ ಮೇಲೆ, ಅರ್ಧ ಜಾಯಿಂಟ್ ಮೇಲೆ. ನಕಲ್ ಅಂದರೆ ಚಕ್ರದ ನಡುವಿನ ಹಬ್ ಅನ್ನು ಹಿಡಿದಿರುವ ಆ ದಪ್ಪ ಲೋಹದ ತುಂಡು. ಎರಡೂ ಬೇರೆ ಬೇರೆ ಅಲ್ಲಾಡಿದರೆ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ರ‍್ಯಾಕಿನ ತುದಿಯ ಮಡಿಕೆ ಮಡಿಕೆ ರಬ್ಬರನ್ನು ಮೆಲ್ಲಗೆ ಹಿಂಡಿ ಒಳಗಿನ ಜಾಯಿಂಟನ್ನು ಹಿಡಿದು ನೋಡಿ.

ಜಾಕ್‌ಸ್ಟ್ಯಾಂಡ್:
ಎಲ್ಲಕ್ಕಿಂತ ಮೊದಲು ಒಂದು ಮಾತು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ, ಕೈ ಯಾವುದೂ ಹೋಗಬಾರದು. ಗಟ್ಟಿ ನೆಲ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ, ಸ್ಟ್ಯಾಂಡ್ ಮೇಲೆ ಗಾಡಿ ಕೂತ ಮೇಲೆ ಒಮ್ಮೆ ಜೋರಾಗಿ ನೂಕಿ ನೋಡಿ. ಬಿಚ್ಚಿದ ಚಕ್ರವನ್ನೂ ಗಾಡಿಯ ಅಂಚಿನ ಕೆಳಗೆ ಮಲಗಿಸಿಡಿ. ನನ್ನ ಕಣ್ಣೆದುರೇ ಹೈಡ್ರಾಲಿಕ್ ಜಾಕಿನ ಸೀಲ್ ಕಿತ್ತು ಗಾಡಿ ಕೆಳಗೆ ಕೂತದ್ದನ್ನು ನೋಡಿದ್ದೇನೆ. ಆ ದಿನ ಕೆಳಗೆ ಯಾರೂ ಇರಲಿಲ್ಲ. ಅದಕ್ಕೇ ಪ್ರತಿ ಸಲವೂ ಇದನ್ನೇ ಬರೆಯುತ್ತೇನೆ.

ನೇರದಾರಿ:
ನಾನು ಒಪ್ಪುವುದಿಲ್ಲ. ಬ್ರೇಕ್ ಪ್ಯಾಡ್ ಬೇರೆ, ಸ್ಟೇರಿಂಗ್ ಬೇರೆ. ಟೈ ರಾಡ್ ಎಂಡ್ ಕಳಚಿದರೆ ಆ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತದೆ, ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಿಮ್ಮ ಗಾಡಿಯಲ್ಲಿ ಮನೆಯವರೂ ಕೂರುತ್ತಾರೆ, ಎದುರಿಗೆ ಬೇರೆಯವರೂ ಬರುತ್ತಾರೆ. ಕಲಿಯಲು ಬೇರೆ ಎಷ್ಟೋ ಕೆಲಸ ಇದೆ.

ತಿರುಪು:
@ನೇರದಾರಿ ನಿಮ್ಮ ಕಾಳಜಿ ಸರಿ. ಆದರೆ ಇವರು ತೋರಿಸಿದ ಗ್ಯಾರೇಜಿನಲ್ಲಿ ಗಾಡಿ ಎತ್ತಿಯೂ ನೋಡದೆ ರ‍್ಯಾಕ್ ಬದಲಾಯಿಸಿ ಅಂದಿದ್ದಾರೆ. ಬಿಲ್ ಕಟ್ಟಿದ ಮಾತ್ರಕ್ಕೆ ಕೆಲಸ ಸುರಕ್ಷಿತ ಆಗುತ್ತದಾ? ಒಂದು ನಟ್ಟು, ಅದು ಸಡಿಲಾಗದಂತೆ ತೂರಿಸುವ ಒಂದು ಸ್ಪ್ಲಿಟ್ ಪಿನ್, ಟೈ ರಾಡಿನ ಮೇಲೆ ಜಾಯಿಂಟನ್ನು ಬಿಗಿ ಹಿಡಿಯುವ ಒಂದು ಲಾಕ್ ನಟ್ಟು. ಇಷ್ಟೇ ಇರುವುದು. ಬಿಗಿತದ ಅಳತೆ ತೋರಿಸುವ ಟಾರ್ಕ್ ರೆಂಚ್ ಹಿಡಿದು ನಿಧಾನಕ್ಕೆ ಮಾಡುವವನು ಅವಸರದ ಕೈಗಿಂತ ಚೆನ್ನಾಗಿಯೇ ಮಾಡುತ್ತಾನೆ.

ನೇರದಾರಿ:
ನಿಧಾನಕ್ಕೆ ಮಾಡುವವನಾದರೆ ಸರಿ. ಮಾಡಿದ ಮೇಲೆ ತಿಳಿದವರ ಹತ್ತಿರ ಒಮ್ಮೆ ತೋರಿಸಲಿ, ಅಷ್ಟಾದರೂ ಆಗಲಿ.

ಗ್ರೀಸ್‌ಕೈ:
ಅದು ಒಳ್ಳೆಯ ಮಾತು. ಹೇಗೂ ಚಕ್ರಗಳ ದಿಕ್ಕು ಸರಿಪಡಿಸುವ ಅಲೈನ್‌ಮೆಂಟಿಗೆ ಹೋಗಲೇಬೇಕು, ಅಲ್ಲೇ ಇನ್ನೊಬ್ಬರ ಕಣ್ಣು ಬೀಳುತ್ತದೆ.

ಹೊಸಪಾನಾ:
ಪರೀಕ್ಷೆ ಮಾಡಿದೆ. ತಂಗಿಯನ್ನು ಕರೆದು ಚಕ್ರ ಅಲ್ಲಾಡಿಸಲು ಹೇಳಿದೆ. ಎಡಗಡೆ 3–9ರಲ್ಲಿ ಸ್ಪಷ್ಟವಾಗಿ ಪ್ಲೇ ಇದೆ, ಬೆರಳಿಟ್ಟರೆ ಹೊರಗಿನ ಜಾಯಿಂಟಿನಲ್ಲೇ ಟಕ್ ಅನ್ನುತ್ತದೆ. ಒಳಗಿನದು ಗಟ್ಟಿ. 12–6ರಲ್ಲಿ ಎಡಗಡೆ ಏನೂ ಇಲ್ಲ.

ಆದರೆ ಬಲಗಡೆ 12–6ರಲ್ಲಿ ಸಣ್ಣ ಅಲುಗಾಟ ಇದೆ. ಬ್ರೇಕ್ ಒತ್ತಿಸಿದರೂ ಹೋಗಲಿಲ್ಲ. ಬಲಗಡೆಯಿಂದ ಸದ್ದೇ ಇರಲಿಲ್ಲವಲ್ಲ, ಇದೇನು?

ಹಳೆಗಾಡಿ:
ಬಲಗಡೆ ಲೋವರ್ ಬಾಲ್ ಜಾಯಿಂಟ್ ಇರಬಹುದು. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಲೋವರ್ ಆರ್ಮ್ (ಆ ಕೆಳಗಿನ ತೋಳು) ಮತ್ತು ನಕಲ್ ನಡುವೆ ಉದ್ದದ ಹಾರೆ ತೂರಿಸಿ ಮೆಲ್ಲಗೆ ಮೀಟಿ. ಗುಂಡು ಅದರ ಬಟ್ಟಲಿನಲ್ಲಿ ಮೇಲೆ ಕೆಳಗೆ ಎದ್ದು ಕೂರುವುದು ಕಣ್ಣಿಗೆ ಕಾಣಬೇಕು. ಬೂಟಿಗೆ ಹಾರೆ ತಾಗಿಸಬೇಡಿ, ಒಳ್ಳೆಯದೂ ಹರಿದು ಹೋಗುತ್ತದೆ. ಜಾಯಿಂಟ್ ಗಟ್ಟಿ ಇದ್ದರೆ ಆರ್ಮಿನ ರಬ್ಬರ್ ಬುಷ್ ಮತ್ತು ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬದ) ಮೇಲಿನ ಮೌಂಟ್ ನೋಡಿ, ಅವೂ ಇದೇ ರೀತಿ ಅಲ್ಲಾಡುತ್ತವೆ.

ಸದ್ದು ಬರದೇ ಇರುವುದಕ್ಕೆ ಬೆರಗಾಗಬೇಡಿ. ಒಮ್ಮೊಮ್ಮೆ ಸದ್ದು ಮಾಡುವುದು ಒಂದು, ಅಪಾಯ ಇರುವುದು ಇನ್ನೊಂದರಲ್ಲಿ. ಲೋವರ್ ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಹೊರಗೆ ಮಡಿಚಿಕೊಳ್ಳುತ್ತದೆ. ಅದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ.

ಟೈರ್‌ತುಂಡು:
ನನಗೆ ಹಾಗೇ ಆಯಿತು. ಪಾರ್ಕಿಂಗ್‌ನಿಂದ ಹೊರಗೆ ತರುವಾಗ ಟಪ್ ಅಂತ ಮುಂದಿನ ಮೂಲೆ ಕೆಳಗೆ ಬಿತ್ತು. ನಡಿಗೆಯ ವೇಗ, ಯಾರಿಗೂ ಏನೂ ಆಗಲಿಲ್ಲ. ಡ್ರೈವ್ ಶಾಫ್ಟ್ (ಗೇರ್ ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ದಂಡ) ಹೊರಗೆ ಬಂದು ಗೇರ್ ಬಾಕ್ಸ್ ಎಣ್ಣೆಯೆಲ್ಲ ನೆಲದ ಮೇಲೆ. ಹಿಂದಿನ ದಿನವೇ ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದೆ. ಈಗಲೂ ನೆನೆದರೆ ಹೊಟ್ಟೆ ಕಲಸುತ್ತದೆ.

ಗ್ರೀಸ್‌ಕೈ:
ಸರಿ, ಎಡಗಡೆ ಟೈ ರಾಡ್ ಎಂಡ್ ಬಗ್ಗೆ ಪೂರ್ತಿ ಬರೆಯುತ್ತೇನೆ. ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಹೊಡೆಯುವ ಮೊದಲು ತಂತಿ ಬ್ರಷ್ಷಿನಿಂದ ಮರೆಯಲ್ಲಿನ (ನಟ್ಟು ತಿರುಗುವ ಸುರುಳಿ ಗೆರೆಗಳಲ್ಲಿನ) ಮಣ್ಣು ತೆಗೆಯಿರಿ. ಮಣ್ಣಿನ ಮೇಲೆ ಎಣ್ಣೆ ಹೊಡೆದರೆ ಮಣ್ಣು ಕುಡಿಯುತ್ತದೆ ಅಷ್ಟೇ. ವೀಲ್ ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ.

ಚಕ್ರ ಬಿಚ್ಚಿದ ಮೇಲೆ ಮೊದಲ ಕೆಲಸ ಅಳತೆ. ಜಾಯಿಂಟಿನ ಕಡ್ಡಿಯ (ಗುಂಡಿನಿಂದ ಹೊರಟು ನಕಲ್‌ಗೆ ಸೇರುವ ಕಂಬಿಯ) ನಡುವಿನಿಂದ ಟೈ ರಾಡ್ ಮೇಲಿನ ಲಾಕ್ ನಟ್ಟಿನ ತನಕ ಎಷ್ಟು ಮಿಲಿಮೀಟರ್ ಅಂತ ಬರೆದಿಟ್ಟುಕೊಳ್ಳಿ, ಫೋಟೋನೂ ತೆಗೆಯಿರಿ. ಲಾಕ್ ನಟ್ಟು ಇರುವ ಜಾಗದಲ್ಲಿ ಮರೆಯ ಮೇಲೆ ಬಣ್ಣದ ಗುರುತು ಹಾಕಿ.

ಎರಡನೆಯದು, ಜಾಯಿಂಟ್ ಇನ್ನೂ ನಕಲ್‌ನಲ್ಲಿ ಕೂತಿರುವಾಗಲೇ ಲಾಕ್ ನಟ್ಟು ಸಡಿಲಿಸಿ. ಕಾಲು ಸುತ್ತು ಸಾಕು. ಎಲ್ಲರೂ ಮೊದಲು ಜಾಯಿಂಟ್ ಕಳಚಿಬಿಡುತ್ತಾರೆ, ಆಮೇಲೆ ರಾಡ್ ಗಾಳಿಯಲ್ಲಿ ತಿರುಗುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಲಾಕ್ ನಟ್ಟಿಗೆ ಒಂದು ಪಾನಾ, ಟೈ ರಾಡಿನ ಚಪ್ಪಟೆ ಜಾಗಕ್ಕೆ ಇನ್ನೊಂದು. ಎರಡಿಲ್ಲದೆ ಮಾಡಿದರೆ ಆ ಬಲವೆಲ್ಲ ಒಳಗಿನ ಜಾಯಿಂಟಿಗೆ, ರ‍್ಯಾಕಿಗೆ ಹೋಗುತ್ತದೆ.

ಆಮೇಲೆ ಸ್ಪ್ಲಿಟ್ ಪಿನ್ ನೇರ ಮಾಡಿ ಎಳೆಯಿರಿ. ಕೋಟೆ ನಟ್ಟನ್ನು (ತಲೆಯಲ್ಲಿ ಪಿನ್‌ಗಾಗಿ ಸೀಳುಗಳಿರುವ ನಟ್ಟು) ಪೂರ್ತಿ ತೆಗೆಯಬೇಡಿ, ಕೊನೆಯ ಎರಡು ಮರೆಯಲ್ಲಿ ಉಳಿಸಿ. ಕಡ್ಡಿ ಬಿಡುವಾಗ ಗುಂಡು ಹೊಡೆದ ಹಾಗೆ ಬಿಡುತ್ತದೆ, ನಟ್ಟು ಇದ್ದರೆ ರಾಡ್ ಹಾರುವುದಿಲ್ಲ. ಈಗ ಸ್ಪ್ಲಿಟರ್ (ಕಡ್ಡಿಯನ್ನು ಒತ್ತಿ ಬಿಡಿಸುವ ಸಾಧನ) ಹಾಕಿ ಬಿಗಿ ಮಾಡುತ್ತಾ ಹೋಗಿ. ಬಿಡಲಿಲ್ಲ ಅಂದರೆ ಬಿಗಿಯಾಗಿಯೇ ಇಟ್ಟು ನಕಲ್‌ನ ಕಣ್ಣಿನ (ಕಡ್ಡಿ ಕೂರುವ ತೂತಿರುವ ಭಾಗದ) ಪಕ್ಕಕ್ಕೆ ಸುತ್ತಿಗೆಯಿಂದ ಒಂದು ಗಟ್ಟಿ ಏಟು.

ಬಿಟ್ಟ ಮೇಲೆ ಜಾಯಿಂಟನ್ನು ತಿರುಗಿಸಿ ಬಿಚ್ಚುವಾಗ ಸುತ್ತು ಎಣಿಸಿ, ಅರ್ಧ ಸುತ್ತನ್ನೂ ಬಿಡಬೇಡಿ. ಹೊಸದನ್ನು ಅಷ್ಟೇ ಸುತ್ತು ಹಾಕಿ. ಆದರೆ ಸುತ್ತನ್ನು ಪೂರ್ತಿ ನಂಬಬೇಡಿ. ಬೇರೆ ಕಂಪನಿಯ ಜಾಯಿಂಟ್ ಸ್ವಲ್ಪ ಉದ್ದವೋ ಗಿಡ್ಡವೋ ಇರಬಹುದು. ಹಳೆಯದು ಹೊಸದು ಪಕ್ಕಪಕ್ಕ ಇಟ್ಟು ನೋಡಿ, ಕೊನೆಗೆ ಆ ಬರೆದಿಟ್ಟ ಮಿಲಿಮೀಟರ್ ಅಳತೆಯೇ ಲೆಕ್ಕ.

ಕಡ್ಡಿ ಕೂರುವ ಓರೆ ತೂತನ್ನು (ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು) ಬಟ್ಟೆಯಿಂದ ಒಣಗಿಸಿ ಒರೆಸಿ. ನಟ್ಟನ್ನು ಪುಸ್ತಕದಲ್ಲಿ ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಪಿನ್ ತೂತು ಸರಿಹೊಂದದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿ ಮಾಡಿಯೇ ಹೊಂದಿಸಿ, ಹಿಂದಕ್ಕೆ ಸಡಿಲಿಸಬೇಡಿ. ಹೊಸ ಪಿನ್ ಹಾಕಿ. ನೈಲಾನ್ ಇರುವ ನಟ್ಟು ಬಂದಿದ್ದರೆ ಅದೂ ಹೊಸದೇ ಆಗಬೇಕು. ಕೊನೆಗೆ ಲಾಕ್ ನಟ್ಟು. ಅದನ್ನು ಬಿಗಿ ಮಾಡುವಾಗ ಜಾಯಿಂಟ್ ಒಂದು ಪಕ್ಕಕ್ಕೆ ವಾಲಿ ನಿಲ್ಲದ ಹಾಗೆ ಮಧ್ಯಕ್ಕೆ ಹಿಡಿದಿರಿ.

ಸುತ್ತಿಗೆಪ್ರಿಯ:
ಸ್ಪ್ಲಿಟರ್ ಎಲ್ಲ ಯಾಕೆ? ಎರಡು ಸುತ್ತಿಗೆ ಸಾಕು. ಒಂದನ್ನು ಕಣ್ಣಿನ ಆ ಕಡೆ ಒತ್ತಿ ಹಿಡಿಯಿರಿ, ಇನ್ನೊಂದರಿಂದ ಈ ಕಡೆ ಹೊಡೆಯಿರಿ. ಮೂರು ಏಟಿಗೆ ಬೀಳುತ್ತದೆ. ನಾನು ಇಪ್ಪತ್ತಕ್ಕೂ ಹೆಚ್ಚು ಜಾಯಿಂಟ್ ಹೀಗೇ ತೆಗೆದಿದ್ದೇನೆ.

ಹಳೆಗಾಡಿ:
ಎರಡು ಸುತ್ತಿಗೆಯ ಉಪಾಯ ನಿಜಕ್ಕೂ ಒಳ್ಳೆಯದು, ಕಬ್ಬಿಣದ ನಕಲ್ ಆದರೆ. ಏಟು ಬಿದ್ದಾಗ ದುಂಡಗಿನ ತೂತು ಒಂದು ಕ್ಷಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಓರೆಯ ಹಿಡಿತ ಬಿಡುತ್ತದೆ. ಆದರೆ ಈಗಿನ ಎಷ್ಟೋ ಗಾಡಿಗಳಲ್ಲಿ ನಕಲ್ ಅಲ್ಯೂಮಿನಿಯಂ. ಅದಕ್ಕೆ ಹಾಗೆ ಬಡಿದರೆ ಬಿರುಕು ಬಿಡುತ್ತದೆ. ಅಲ್ಲೇ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ಕೂಡ ಇರುತ್ತದೆ. ಮೊದಲು ಆಯಸ್ಕಾಂತ ಇಟ್ಟು ನೋಡಿ, ಅಂಟದಿದ್ದರೆ ಸ್ಪ್ಲಿಟರ್ ಮಾತ್ರ.

ಕಡ್ಡಿಯ ತುದಿಗೆ ಮಾತ್ರ ಹೊಡೆಯಬೇಡಿ ಯಾರೂ. ಮರೆ ಹೂವಿನ ಹಾಗೆ ಅರಳುತ್ತದೆ, ನಟ್ಟು ಹೊರಗೆ ಬರುವುದಿಲ್ಲ.

ಸುತ್ತಿಗೆಪ್ರಿಯ:
ಅಲ್ಯೂಮಿನಿಯಂ ವಿಷಯ ಒಪ್ಪಿದೆ. ನನ್ನವೆಲ್ಲ ಹಳೆಯ ಗಾಡಿಗಳು.

ತಿರುಪು:
ಎರಡು ಕವಲಿನ ಫೋರ್ಕ್ ಸಿಗುತ್ತದಲ್ಲ, ಸುತ್ತಿಗೆಯಿಂದ ಬಡಿದು ತೂರಿಸುವಂಥದ್ದು, ಅದು ಬೂಟನ್ನು ಹರಿಯದೆ ಬಿಡುವುದಿಲ್ಲ. ಹಳೆಯದನ್ನು ಎಸೆಯುವುದಾದರೆ ಬಳಸಿ. ಡ್ರೈವ್ ಶಾಫ್ಟ್ ತೆಗೆಯಲು ಅಂತ ಒಳ್ಳೆಯ ಜಾಯಿಂಟ್ ಬಿಡಿಸುವಾಗ ಅದನ್ನು ಮುಟ್ಟಲೇಬೇಡಿ.

ಬೆಂಕಿಪೆಟ್ಟಿ:
ಗ್ಯಾಸ್ ಟಾರ್ಚ್ ಇಟ್ಟು ಕಾಯಿಸಿದರೆ ಎರಡು ನಿಮಿಷದ ಕೆಲಸ.

ಜಾಕ್‌ಸ್ಟ್ಯಾಂಡ್:
@ಬೆಂಕಿಪೆಟ್ಟಿ ದಯವಿಟ್ಟು ಇದನ್ನು ಹೊಸಬರಿಗೆ ಹೇಳಬೇಡಿ. ಜಾಯಿಂಟ್ ಒಳಗೆ ಮುಚ್ಚಿದ ಜಾಗದಲ್ಲಿ ಗ್ರೀಸ್ ಇದೆ, ಕಾದರೆ ಒತ್ತಡ ಏರಿ ಸಿಡಿಯಬಹುದು. ಪಕ್ಕದಲ್ಲೇ ಬ್ರೇಕ್ ಹೋಸ್ ಇದೆ. ನಕಲ್ ಕೂಡ ಹದ ಮಾಡಿದ ಲೋಹ, ಕೆಂಪಗೆ ಕಾಯಿಸಿದರೆ ಅದರ ಬಲವೇ ಹೋಗುತ್ತದೆ. ಅದು ಮತ್ತೆ ಅದೇ ಗಾಡಿಯಲ್ಲಿ ಇರಬೇಕಾದ ಭಾಗ.

ಬೆಂಕಿಪೆಟ್ಟಿ:
ಲಾಕ್ ನಟ್ಟಿಗೆ ಮಾತ್ರ ಸ್ವಲ್ಪ ಬಿಸಿ ಕೊಡುವುದು ನನ್ನ ಅಭ್ಯಾಸ. ಹೊಸಬರಿಗೆ ಬೇಡ ಅನ್ನುವುದು ಸರಿಯೇ.

ಸಮುದ್ರದಂಡೆ:
ಓರೆ ತೂತಿಗೆ ನಾನು ತೆಳ್ಳಗೆ ಗ್ರೀಸ್ ಹಚ್ಚುತ್ತೇನೆ, ಇಲ್ಲದಿದ್ದರೆ ಉಪ್ಪು ಗಾಳಿಗೆ ತುಕ್ಕು ಹಿಡಿದು ಮುಂದಿನ ಸಲ ಬಿಚ್ಚಲು ಆಗುವುದೇ ಇಲ್ಲ. ಇದರಲ್ಲಿ ತಪ್ಪೇನಿದೆ?

ಗ್ರೀಸ್‌ಕೈ:
ತಪ್ಪಿದೆ. ಆ ಓರೆ ಹಿಡಿದು ನಿಲ್ಲುವುದೇ ಒಣ ಲೋಹದ ಉಜ್ಜಾಟದಿಂದ. ಗ್ರೀಸ್ ಇದ್ದರೆ ಅದೇ ಟಾರ್ಕಿಗೆ ಕಡ್ಡಿ ಬೇಕಾದ್ದಕ್ಕಿಂತ ಆಳಕ್ಕೆ ಎಳೆದುಕೊಳ್ಳುತ್ತದೆ, ಕಣ್ಣಿನ ಮೇಲೆ ಒತ್ತಡ ಜಾಸ್ತಿ ಆಗುತ್ತದೆ. ತುಕ್ಕಿನ ಭಯ ಇದ್ದರೆ ಎಲ್ಲ ಬಿಗಿ ಮಾಡಿದ ಮೇಲೆ ಹೊರಗಿನಿಂದ ಮೇಣದಂಥ ಲೇಪನ ಹೊಡೆಯಿರಿ. ಟೈ ರಾಡಿನ ಮರೆಗೆ, ಲಾಕ್ ನಟ್ಟಿಗೆ ಬೇಕಾದರೆ ಸ್ವಲ್ಪ ತುಕ್ಕು ತಡೆಯುವ ಪೇಸ್ಟ್ ಹಚ್ಚಿ. ಅಲೈನ್‌ಮೆಂಟ್ ಮಾಡುವವರೂ ನಿಮ್ಮನ್ನು ನೆನೆಯುತ್ತಾರೆ.

ಸಮುದ್ರದಂಡೆ:
ಆಯಿತು, ಇನ್ನು ಹೊರಗಿನಿಂದಲೇ ಹಚ್ಚುತ್ತೇನೆ. ಮರೆಗೆ ಪೇಸ್ಟ್ ಹಚ್ಚುವುದು ಹೊಳೆದಿರಲಿಲ್ಲ.

ಹಳೆಗಾಡಿ:
ಗ್ರೀಸ್ ಮಾತು ಬಂತಲ್ಲ, ಒಂದು ವಿಷಯ. ನನ್ನ ಹಳೆಯ ಜೀಪಿನಲ್ಲಿ ಪ್ರತಿ ಜಾಯಿಂಟಿಗೂ ಗ್ರೀಸ್ ತುಂಬುವ ನಿಪ್ಪಲ್ ಇದೆ. ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ಅಂತ ಸ್ಟೇರಿಂಗಿನ ಕೊಂಡಿಗಳಿಗೆಲ್ಲ ಸಾಲಾಗಿ ಗ್ರೀಸ್ ಗನ್ ಇಟ್ಟುಕೊಂಡು ಹೋಗುತ್ತೇನೆ. ಹಳೆಯ ಕೊಳಕು ಗ್ರೀಸ್ ಹೊರಗೆ ಬರುವುದನ್ನು ನೋಡಿದರೆ ಒಂದು ಸಮಾಧಾನ. ಈಗ ಬರುವುದೆಲ್ಲ ಸೀಲ್ ಮಾಡಿದ ಜಾಯಿಂಟ್, ಬೂಟ್ ಹರಿದರೆ ಅದರ ಆಯುಷ್ಯ ಮುಗಿಯಿತು. ನಿಪ್ಪಲ್ ಇರುವ ಬದಲಿ ಜಾಯಿಂಟ್ ನಿಮ್ಮ ಗಾಡಿಗೆ ಸಿಕ್ಕರೆ ಅದನ್ನೇ ತಗೊಳ್ಳಿ. ಗನ್ ಒತ್ತುವಾಗ ಬೂಟ್ ಸ್ವಲ್ಪ ಉಬ್ಬಿದರೆ ನಿಲ್ಲಿಸಿ, ಜಾಸ್ತಿ ತುಂಬಿದರೆ ಅದೇ ಒಡೆಯುತ್ತದೆ.

ಚಕ್ರವ್ಯೂಹ:
ಬರೀ ಓದುತ್ತಿದ್ದವಳು, ಒಂದು ಅನುಮಾನ. ಎರಡೂ ಮುಂದಿನ ಚಕ್ರ ಒಂದೇ ಕೋನಕ್ಕೆ ತಿರುಗುವುದಿಲ್ಲ ಅಂತಾರಲ್ಲ, ಹಾಗಾದರೆ ಟೈ ರಾಡ್ ಉದ್ದ ಸ್ವಲ್ಪ ಹೆಚ್ಚುಕಮ್ಮಿ ಆದರೆ ಏನಾಗುತ್ತದೆ?

ಓರೆಕೋನ:
@ಚಕ್ರವ್ಯೂಹ ಒಳ್ಳೆಯ ಪ್ರಶ್ನೆ ಮೇಡಂ. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಸುತ್ತುತ್ತದೆ, ಹೊರಗಿನದು ದೊಡ್ಡದರಲ್ಲಿ. ಹಾಗಾಗಿ ಒಳಗಿನದು ಜಾಸ್ತಿ ತಿರುಗಬೇಕು. ಇದನ್ನು ಅಕರ್ಮನ್ ಜೋಡಣೆ ಅಂತಾರೆ. ಇದು ಕಾರಿಗಿಂತ ಹಳೆಯದು, ಕುದುರೆ ಗಾಡಿಗಾಗಿ ಜರ್ಮನಿಯ ಲಾಂಕೆನ್‌ಸ್ಪೆರ್ಗರ್ ಕಂಡುಹಿಡಿದದ್ದು. ಅವರ ಪರವಾಗಿ ರುಡಾಲ್ಫ್ ಅಕರ್ಮನ್ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು, ಹೆಸರು ಅವರದೇ ಉಳಿಯಿತು.

ಆ ವ್ಯತ್ಯಾಸ ಬೇಕಾಗಿರುವುದು ತಿರುವಿನಲ್ಲಿ. ನೇರ ಹೋಗುವಾಗ ಎರಡೂ ಚಕ್ರ ಹೆಚ್ಚುಕಡಿಮೆ ಸಮಾನಾಂತರ ಇರಬೇಕು, ಅದೇ ಟೋ. ಒಂದು ಲೆಕ್ಕ ಹಾಕಿ ನೋಡಿ. ಟೈ ರಾಡಿನ ಮರೆ ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ 1.5 ಮಿ.ಮೀ. ಸರಿಯುತ್ತದೆ. ನಕಲ್‌ನ ಸ್ಟೇರಿಂಗ್ ಆರ್ಮ್ 130 ಮಿ.ಮೀ. ಉದ್ದ ಅಂದುಕೊಳ್ಳಿ. ಒಂದೇ ಒಂದು ಸುತ್ತು ತಪ್ಪಿದರೆ ಚಕ್ರದ ಕೋನ ಸುಮಾರು 0.66 ಡಿಗ್ರಿ ಬದಲಾಗುತ್ತದೆ. ಎಷ್ಟೋ ಕಾರುಗಳಿಗೆ ಹೇಳಿರುವ ಟೋ ಒಂದು ಡಿಗ್ರಿಯ ಹತ್ತನೇ ಒಂದೆರಡು ಪಾಲು ಮಾತ್ರ. ಅರ್ಧ ಸುತ್ತು ತಪ್ಪಿದರೂ ಅದನ್ನು ಮೀರುತ್ತದೆ. ಟೈರನ್ನು ಪಕ್ಕಕ್ಕೆ ಉಜ್ಜಿಕೊಂಡೇ ಹೋದ ಹಾಗೆ, ಕೆಲವೇ ಸಾವಿರ ಕಿಲೋಮೀಟರಿಗೆ ಅಂಚು ಹೋಗುತ್ತದೆ.

ತಿರುಪು:
ಅದಕ್ಕೇ ಸುತ್ತು ಎಣಿಸುವುದು ಅಲೈನ್‌ಮೆಂಟ್ ಸೆಂಟರಿಗೆ ಓಡಿಸಿಕೊಂಡು ಹೋಗುವಷ್ಟಕ್ಕೆ ಮಾತ್ರ.

ದಾರದವನು:
ಮನೆಯಲ್ಲೇ ದಾರ ಕಟ್ಟಿ ಟೋ ನೋಡಬಹುದು, ನಾನು ವರ್ಷಗಳಿಂದ ಹಾಗೇ ಮಾಡುತ್ತೇನೆ. ಗಾಡಿಯ ಎರಡೂ ಪಕ್ಕ, ಹಬ್ಬಿನ ಎತ್ತರಕ್ಕೆ ಬಿಗಿಯಾಗಿ ದಾರ ಕಟ್ಟಬೇಕು. ಎರಡು ದಾರವೂ ಒಂದಕ್ಕೊಂದು ಸಮಾನಾಂತರ, ಗಾಡಿಯ ನಡುಗೆರೆಗೂ ಸಮಾನಾಂತರ ಇರಬೇಕು. ಆಮೇಲೆ ರಿಮ್ಮಿನ ಮುಂದಿನ ಅಂಚಿಗೆ, ಹಿಂದಿನ ಅಂಚಿಗೆ ದಾರದಿಂದ ಇರುವ ದೂರ ಅಳೆಯುವುದು. ಎರಡರ ವ್ಯತ್ಯಾಸವೇ ಆ ಚಕ್ರದ ಟೋ. ಮುಂದಿನ ಚಕ್ರಗಳ ಅಗಲವೂ ಹಿಂದಿನದೂ ಒಂದೇ ಇರುವುದಿಲ್ಲ, ಹಾಗಾಗಿ ಹಿಂದಿನ ಟೈರಿಗೆ ತಾಗಿಸಿ ದಾರ ಎಳೆದರೆ ಲೆಕ್ಕ ತಪ್ಪುತ್ತದೆ. ಎಡ ಬಲ ಹಬ್ಬಿನ ಮಧ್ಯದಿಂದ ದೂರ ಸಮ ಮಾಡಿಕೊಳ್ಳಿ.

ಓರೆಕೋನ:
ದಾರ ಒಳ್ಳೆಯದೇ, ತತ್ವ ಸರಿ ಇದೆ. ಆದರೆ ಜಾಕಿನಿಂದ ಇಳಿಸಿದ ಮೇಲೆ ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಮುಂಭಾಗ ಒತ್ತಿ ಬಿಟ್ಟು, ಸಸ್ಪೆನ್ಷನ್ ಕೂತ ಮೇಲೆಯೇ ಅಳೆಯಬೇಕು. ಇದನ್ನು ಬಿಟ್ಟರೆ ಅಳತೆ ಸುಳ್ಳು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ವಾಲು) ದಾರಕ್ಕೆ ಸಿಗುವುದಿಲ್ಲ. ಇಎಸ್‌ಸಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಸ್ಟೇರಿಂಗ್ ಕೋನದ ಸೆನ್ಸರನ್ನು ಮತ್ತೆ ಸೊನ್ನೆಗೆ ತರಬೇಕಾಗಬಹುದು, ಅದಕ್ಕೆ ಮೆಷಿನ್ನೇ ಬೇಕು.

ದಾರದವನು:
ಉರುಳಿಸುವುದು ಬರೆಯಲು ಮರೆತೆ, ಸರಿಯಾಗಿ ಹಿಡಿದಿರಿ.

ಹೊಸಪಾನಾ:
ಇವತ್ತು ಬೆಳಗ್ಗೆ ಶುರು ಮಾಡಿದೆ, ಈಗ ಸಿಕ್ಕಿಹಾಕಿಕೊಂಡಿದ್ದೇನೆ. ಅಳತೆ ಆಯಿತು, ಲಾಕ್ ನಟ್ಟು ಸಡಿಲಾಯಿತು, ಪಿನ್ ಬಂತು. ನಟ್ಟು ಅರ್ಧ ಬಂದು ಈಗ ಕಡ್ಡಿಯೂ ನಟ್ಟಿನ ಜೊತೆ ತಿರುಗುತ್ತಿದೆ. ಎಷ್ಟು ತಿರುಗಿಸಿದರೂ ಮೇಲೆ ಬರುವುದಿಲ್ಲ. ಏನು ಮಾಡಲಿ? ಗಾಡಿ ಸ್ಟ್ಯಾಂಡ್ ಮೇಲೇ ಇದೆ.

ಗ್ರೀಸ್‌ಕೈ:
ಕಡ್ಡಿಯ ತುದಿಯಲ್ಲಿ ಆರು ಮೂಲೆಯ ಗುಳಿ ಇದೆಯಾ ನೋಡಿ. ಇದ್ದರೆ ಅದಕ್ಕೆ ಅಲೆನ್ ಕೀ ಹಾಕಿ ಹಿಡಿದು ನಟ್ಟನ್ನು ರಿಂಗ್ ಪಾನಾದಿಂದ ತಿರುಗಿಸಿ. ಇಲ್ಲದಿದ್ದರೆ ಓರೆಯನ್ನು ಮತ್ತೆ ಬಿಗಿಯಾಗಿ ಕೂರಿಸಬೇಕು. ನಟ್ಟು ಮೇಲಿದೆಯಾ, ಕೆಳಗಿದೆಯಾ?

ಹೊಸಪಾನಾ:
ಗುಳಿ ಇಲ್ಲ. ನಟ್ಟು ಮೇಲೆ, ಜಾಯಿಂಟ್ ಕೆಳಗೆ.

ಸುತ್ತಿಗೆಪ್ರಿಯ:
ಹಾಗಾದರೆ ಸುಲಭ. ಜಾಯಿಂಟಿನ ಕೆಳಗೆ ಮರದ ತುಂಡು ಇಟ್ಟು ಎರಡನೇ ಜಾಕಿನಿಂದ ಮೆಲ್ಲಗೆ ಮೇಲಕ್ಕೆ ಒತ್ತಿ. ಗಾಡಿ ಸ್ಟ್ಯಾಂಡಿನಿಂದ ಏಳುವಷ್ಟು ಅಲ್ಲ, ಓರೆ ಕಚ್ಚಿಕೊಳ್ಳುವಷ್ಟು ಮಾತ್ರ. ಆಮೇಲೆ ನಟ್ಟು ತಿರುಗಿಸಿ.

ಹೊಸಪಾನಾ:
ಬಂತು!! ಎರಡನೇ ಸಲಕ್ಕೆ ಕಚ್ಚಿಕೊಂಡಿತು. ತುಂಬಾ ಥ್ಯಾಂಕ್ಸ್ ಸುತ್ತಿಗೆಪ್ರಿಯ ಅಣ್ಣ.

ಎಡಮರೆ:
ಇನ್ನೊಬ್ಬರಿಗೆ ಉಪಯೋಗ ಆಗಲಿ ಅಂತ ಹೇಳುತ್ತೇನೆ. ಕೆಲವು ಗಾಡಿಗಳಲ್ಲಿ, ಅದರಲ್ಲೂ ಮಧ್ಯೆ ಹೊಂದಿಸುವ ಕೊಳವೆ ಇರುವಂಥ ಟೈ ರಾಡ್‌ಗಳಲ್ಲಿ, ಒಂದು ತುದಿಯ ಮರೆ ಎಡಕ್ಕೆ ಇರುತ್ತದೆ. ಎರಡು ತುದಿಗೂ ಎದುರುಬದುರು ಮರೆ ಇದ್ದರೆ ಮಾತ್ರ ಕೊಳವೆ ತಿರುಗಿಸಿದಾಗ ಉದ್ದ ಬದಲಾಗುತ್ತದೆ. ನಾನು ಅರ್ಧ ಗಂಟೆ ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಿದ್ದೆ. ಬಲ ಹಾಕುವ ಮೊದಲು ಮರೆಯ ಓರೆ ಯಾವ ಕಡೆ ಏರುತ್ತದೆ ಅಂತ ಕಣ್ಣಿಟ್ಟು ನೋಡಿ.

ಟೈರ್‌ತುಂಡು:
ಬಲಗಡೆ ಟೈ ರಾಡ್ ಎಂಡ್ ಕೂಡ ಈಗಲೇ ಬದಲಾಯಿಸಿ. ಎರಡೂ ಒಂದೇ ದಿನ ಕಾರ್ಖಾನೆಯಿಂದ ಬಂದವು.

ತಿರುಪು:
ಬೂಟ್ ಗಟ್ಟಿ ಇದ್ದು ಪ್ಲೇ ಇಲ್ಲದಿದ್ದರೆ ಯಾಕೆ ಬಿಚ್ಚಬೇಕು? ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಆದರೆ ಜೋಡಿ ಬದಲಾಯಿಸುವುದಕ್ಕೆ ಅರ್ಥ ಇದೆ, ಎರಡರ ಗುಣ ಸಮ ಇರಬೇಕು. ಜಾಯಿಂಟ್ ಹಾಗಲ್ಲ, ಪ್ಲೇ ಇದೆ ಅಥವಾ ಇಲ್ಲ.

ಟೈರ್‌ತುಂಡು:
ಆರು ತಿಂಗಳಿಗೆ ಬಲಗಡೆಯದೂ ಹೋದರೆ ಮತ್ತೆ ಒಂದು ಅಲೈನ್‌ಮೆಂಟ್. ನಾನಂತೂ ಜೋಡಿಯೇ ಹಾಕುತ್ತೇನೆ.

ಹೊಸಪಾನಾ:
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೊಸ ಜಾಯಿಂಟ್ ಹಾಕಿ ಆಯಿತು. ಬಿಚ್ಚುವಾಗ ಎಣಿಸಿದ್ದು 22 ಸುತ್ತು. ಹೊಸದು ಪಕ್ಕದಲ್ಲಿಟ್ಟರೆ 2 ಮಿ.ಮೀ. ಉದ್ದ ಇತ್ತು, ಹಾಗಾಗಿ ಅಳತೆ ನೋಡಿಯೇ ನಿಲ್ಲಿಸಿದೆ, ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ ಒಳಗೆ ಹೋಯಿತು. ನಟ್ಟು ಟಾರ್ಕಿಗೆ ಬಂದಾಗ ಪಿನ್ ತೂತು ಹೊಂದಲಿಲ್ಲ, ಮುಂದಕ್ಕೇ ಸ್ವಲ್ಪ ತಿರುಗಿಸಿ ಪಿನ್ ಹಾಕಿದೆ. ನಿಧಾನಕ್ಕೆ ಓಡಿಸಿಕೊಂಡು ಅಲೈನ್‌ಮೆಂಟಿಗೆ ಹೋದೆ. ಅಲ್ಲಿನವರು ಲಾಕ್ ನಟ್ಟು, ಪಿನ್ ಎಲ್ಲ ಪರೀಕ್ಷಿಸಿ ಕೆಲಸ ಸರಿ ಇದೆ ಅಂದರು. ಟೋ ಸ್ವಲ್ಪ ಹೊರಗಿತ್ತು, ಸರಿ ಮಾಡಿಕೊಟ್ಟರು. ಸ್ಟೇರಿಂಗ್ ನೇರ ನಿಂತಿದೆ, 80ರಲ್ಲಿ ಗಾಡಿ ಗೆರೆ ಎಳೆದ ಹಾಗೆ ಹೋಗುತ್ತದೆ. ರ‍್ಯಾಕಿಗೆ ಏನೂ ಆಗಿರಲಿಲ್ಲ.

ಹಳೆಯ ಜಾಯಿಂಟನ್ನು ಗರಗಸದಲ್ಲಿ ಕೊಯ್ದು ನೋಡಿದೆ. ಗುಂಡಿನ ಸುತ್ತ ಕೆಂಪು ತುಕ್ಕಿನ ಉಂಗುರ, ಒಳಗಿನ ಪ್ಲಾಸ್ಟಿಕ್ ಬಟ್ಟಲು ಒಂದು ಪಕ್ಕಕ್ಕೆ ಸವೆದು ಮೊಟ್ಟೆಯ ಹಾಗಾಗಿದೆ. ಒಂದು ಸಣ್ಣ ರಬ್ಬರ್ ಹರಿದದ್ದಕ್ಕೆ ಇಷ್ಟು.

ನೇರದಾರಿ:
ಚೆನ್ನಾಗಿ ಮಾಡಿದ್ದೀರಿ. 100 ಕಿ.ಮೀ. ಆದ ಮೇಲೆ ವೀಲ್ ನಟ್ಟು ಒಮ್ಮೆ ಟಾರ್ಕ್ ರೆಂಚಿನಿಂದ ನೋಡಿ.

ಹೊಸಪಾನಾ:
ಖಂಡಿತ ಸರ್. ಬಲಗಡೆ ಹಾರೆ ಹಾಕಿ ಮೀಟಿ ನೋಡಿದೆ, ಲೋವರ್ ಬಾಲ್ ಜಾಯಿಂಟೇ. ಕಡ್ಡಿ ನಕಲ್ ಒಳಗೆ ಹೋಗಿ ಅಡ್ಡ ಒಂದು ಬೋಲ್ಟ್ ಹಿಡಿದಿದೆ, ಆರ್ಮಿಗೆ ಮೂರು ರಿವೆಟ್. ಅದು ಮುಗಿಯುವ ತನಕ ಗಾಡಿ ತೆಗೆಯುವುದಿಲ್ಲ.

ಹಳೆಗಾಡಿ:
ಅಡ್ಡ ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯಬೇಕು, ಸಡಿಲಿಸಿದರೆ ಸಾಲದು, ಕಡ್ಡಿಯಲ್ಲಿ ಅದಕ್ಕೆಂದೇ ಕಚ್ಚು ಇದೆ. ನಕಲ್‌ನಲ್ಲಿರುವ ಸೀಳಿಗೆ ಉಳಿ ಇಟ್ಟು ಕೂದಲೆಳೆಯಷ್ಟು ಅಗಲಿಸಿ, ಜಾಸ್ತಿ ಬಡಿದರೆ ನಕಲ್ ಸೀಳುತ್ತದೆ. ರಿವೆಟ್ ತಲೆಗಳನ್ನು ಡ್ರಿಲ್ ಮಾಡಿ ತೆಗೆಯಬೇಕು, ಹೊಸ ಜಾಯಿಂಟಿನ ಜೊತೆ ಅದಕ್ಕೆ ಬೋಲ್ಟ್ ಬರುತ್ತದೆ. ಬಿಟ್ಟ ಮೇಲೆ ನಕಲನ್ನು ಹೊರಗೆ ಎಳೆದು ಜೋತು ಬಿಡಬೇಡಿ, ತಂತಿಯಿಂದ ಕಟ್ಟಿ. ಇಲ್ಲದಿದ್ದರೆ ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ಕಳಚಿಕೊಳ್ಳುತ್ತದೆ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ.

ಸುತ್ತಿಗೆಪ್ರಿಯ:
ಆ ಅಡ್ಡ ಬೋಲ್ಟ್ ತುಕ್ಕು ಹಿಡಿದು ಮುರಿಯುವುದು ಜಾಸ್ತಿ. ಇವತ್ತೇ ಎಣ್ಣೆ ಹೊಡೆಯಲು ಶುರು ಮಾಡಿ, ದಿನಕ್ಕೆ ಎರಡು ಸಲ. ಹೊಸ ಬೋಲ್ಟು, ನಟ್ಟು ಮೊದಲೇ ತಂದಿಟ್ಟುಕೊಳ್ಳಿ.

ಹೊಸಪಾನಾ:
ಈಗ ತಾನೇ ಒಂದು ಸಲ ಹೊಡೆದು ಬಂದೆ. ಭಾನುವಾರ ಬಿಚ್ಚುತ್ತೇನೆ, ಫೋಟೋ ಹಾಕುತ್ತೇನೆ.